ಹಲ್ಲಿನ ಡಾಕ್ಟರಮ್ಮನೂ ಸಂಜೆಯ ಹಾಲೂ

ನಮ್ಮ ಪಕ್ಕದ ಮನೆಯ ಹಲ್ಲಿನ ಡಾಕ್ಟರಮ್ಮ ಪ್ರಶ್ನೆ ಕೇಳಿ ಉತ್ತರಕ್ಕೆ ಕಾಯುವವರಲ್ಲ. ಇಪ್ಪತ್ತೆಂಟು ವರ್ಷ, ಬಾಯಿ ಅಗಲಿಸಿ ನಾಲಗೆ ಆಡಿಸಲಾರದೆ ಒರಗಿದ ಜನರೊಡನೆಯೇ ಸಂಭಾಷಣೆ ನಡೆಸಿ ನಡೆಸಿ, ಎರಡೂ ಕಡೆಯ ಮಾತನ್ನು ತಾವೇ ಆಡಿ ಮುಗಿಸುವ ಅಭ್ಯಾಸ ಅವರಿಗೆ ಅಂಟಿಬಿಟ್ಟಿದೆ. "ಊಟ ಆಯ್ತಾ ಮೇಷ್ಟ್ರೇ? ಆಗಿರತ್ತೆ. ಮನೆಯವರು ಚೆನ್ನಾಗಿದಾರಾ? ಚೆನ್ನಾಗಿರ್ತಾರೆ" ಎಂದು ನನ್ನ ಸಂಸಾರದ ಸಮಾಚಾರವನ್ನು ನನಗೇ ತಿಳಿಸಿ ಮುಂದೆ ಹೋಗಿಬಿಡುತ್ತಾರೆ. ಕುರ್ಚಿಯ ಮೇಲೆ ಬಾಗಿ ಬಾಗಿ ಎಡಕ್ಕೆ ವಾಲಿದ ದೇಹ, ಅದನ್ನು ಬೀಳಗೊಡದೆ ಹಿಂಬಾಲಿಸುವ ಪುಟ್ಟ ಚುರುಕು ಹೆಜ್ಜೆ. ಬಿಳಿ ಕೋಟನ್ನು ಕಳಚಿದ್ದನ್ನು ನಾನು ಅಪರೂಪಕ್ಕೆ ಕಂಡಿದ್ದೇನೆ. ಅದರ ಒಂದು ಜೇಬಿನಲ್ಲಿ ಬಾಯಿ ನೋಡುವ ಪುಟ್ಟ ಕನ್ನಡಿ, ಇನ್ನೊಂದರಲ್ಲಿ ಆಡುಗಳಿಗೆಂದು ಒಂದು ಹಿಡಿ ಕಡಲೆ.

ಆಡುಗಳನ್ನು ಅವರು ಕೊಂಡದ್ದು ಅತ್ತೆಗಾಗಿ. ಎಂಬತ್ತೆರಡರ ಆ ಹಿರಿಯ ಜೀವ ದೀರ್ಘ ಜ್ವರದಿಂದ ಎದ್ದ ಮೇಲೆ ಅನ್ನ ಕಂಡರೆ ಮುಖ ತಿರುಗಿಸುತ್ತಿತ್ತು. ಹಸುವಿನ ಹಾಲು ಹೊಟ್ಟೆಗೆ ಒಗ್ಗದು. ಮಣಿಕಟ್ಟಿನ ಬಳೆ ಮೊಣಕೈವರೆಗೆ ಜಾರುವಷ್ಟು ಕೃಶವಾಗಿತ್ತು. ಆಡಿನ ಹಾಲು ಹಿಡಿಸಿತು. ಸಂಜೆ ಒಂದು ದೊಡ್ಡ ಲೋಟ, ಅದೇ ಅವರ ರಾತ್ರಿಯ ಊಟ. ತಿಂಗಳೊಳಗೆ ಎದ್ದು ಕುಳಿತು, ಕಿಟಕಿಯ ಪಕ್ಕದಲ್ಲಿ ತರಕಾರಿ ಹೆಚ್ಚಿಕೊಡುವಷ್ಟು ಚೇತರಿಸಿಕೊಂಡರು. ಇತ್ತ ಸೊಸೆ, ಆಡುಗಳ ಬಾಯಿ ಬಿಡಿಸಿ ನೋಡಿದ ದಿನ ಕೈ ತಟ್ಟಿ ನಕ್ಕಿದ್ದರು: "ಮೇಲ್ಗಡೆ ಮುಂದೆ ಒಂದು ಹಲ್ಲೂ ಇಲ್ಲ ಮೇಷ್ಟ್ರೇ! ದೇವರು ನನ್ನ ಕೆಲಸ ಅರ್ಧ ಮುಗಿಸಿಬಿಟ್ಟಿದಾನೆ." ಹೀಗೆ ಕಿಟಕಿಯ ಕೆಳಗೆ ಕಟ್ಟುವ ಕಪ್ಪು ಆಡಿಗೆ ಬೊಚ್ಚಿ ಎಂದೂ, ಮೂಲೆ ಬಿಟ್ಟು ಬರದ ನಾಚಿಕೆಯ ಇನ್ನೊಂದಕ್ಕೆ ಕೋರೆ ಎಂದೂ ನಾಮಕರಣವಾಯಿತು.

ಆಮೇಲೆ ಒಂದು ಸಂಜೆ ಅತ್ತೆ ಒಂದು ಗುಟುಕು ಕುಡಿದು ಲೋಟವನ್ನು ದೂರ ಸರಿಸಿದರು. "ನಾರುತ್ತೆ ಕಣೇ" ಎಂದರು. ಸೊಸೆಯೇ ಮಾಡಿಕೊಟ್ಟ ಹಲ್ಲಿನ ಸೆಟ್ಟನ್ನು ಕಳಚಿ ಕರವಸ್ತ್ರದಲ್ಲಿ ಸುತ್ತಿದರು. ಅದು ಆ ಮನೆಯಲ್ಲಿ ಸಭೆ ಮುಗಿದ ಸೂಚನೆ. ಮರುದಿನವೂ ಹಾಗೆಯೇ, ಅದರ ಮರುದಿನವೂ. ವಾರ ಕಳೆಯುವಷ್ಟರಲ್ಲಿ ಬಳೆ ಮತ್ತೆ ಮೇಲಕ್ಕೆ ಜಾರತೊಡಗಿತು. ಡಾಕ್ಟರಮ್ಮನ ಮುಖ ಅಷ್ಟು ಬಾಡಿದ್ದನ್ನು ನಾನು ಎಂದೂ ಕಂಡಿರಲಿಲ್ಲ.

ಆದರೆ ಕೈಚೆಲ್ಲುವುದು ಅವರ ಸ್ವಭಾವದಲ್ಲೇ ಇಲ್ಲ. "ಕೆಳಗಿನ ಹಲ್ಲು ನೋವು ಅಂತ ಬರ್ತಾರೆ, ಹುಳುಕು ನೋಡಿದ್ರೆ ಮೇಲಿರತ್ತೆ" ಎಂಬುದು ಅವರ ವೃತ್ತಿಸಿದ್ಧಾಂತ; ಆದ್ದರಿಂದ ಒಂದು ಸಲಕ್ಕೆ ಒಂದೇ ಬದಲಾವಣೆ, ಪ್ರತಿಯೊಂದಕ್ಕೂ ಮೂರು ದಿನದ ಗಡುವು. ಗೀರುಬಿದ್ದ ಪ್ಲಾಸ್ಟಿಕ್ ಬಕೆಟ್ ಹೋಗಿ ಸ್ಟೀಲಿನದು ಬಂತು. ಕರೆದ ಹಾಲನ್ನು ತಕ್ಷಣ ಮಂಜುಗಡ್ಡೆಯ ನೀರಿನಲ್ಲಿಟ್ಟು ತಣಿಸಿದ್ದಾಯಿತು. ಮೊದಲ ಧಾರೆಯನ್ನು ಕಪ್ಪು ಬಟ್ಟೆಯ ಮೇಲೆ ಬಿಟ್ಟು ಕೆಚ್ಚಲು ಬಾವಿನ ಗಸಿ, ಹೆಪ್ಪು ಇದೆಯೇ ಎಂದು ಪರೀಕ್ಷಿಸಿದರು. ನೆಲಕ್ಕೆ ಮಂಡಿಯೂರಿ, ಆ ಪುಟ್ಟ ಕನ್ನಡಿಯನ್ನು ಕೆಚ್ಚಲಿನ ಅಡಿಗೆ ಹಿಡಿದು, "ಸ್ವಲ್ಪ ಈ ಕಡೆ ತಿರುಗಮ್ಮ" ಎಂದು ಆಡಿಗೂ ಹೇಳಿದರು. ಪಶುವೈದ್ಯರು ಬಂದು, ಎರಡೂ ಗುಂಡುಕಲ್ಲಿನ ಹಾಗಿವೆ ಎಂದು ಹೇಳಿ ಹೋದರು. ಹಾಲಿಗೂ ತನ್ನ ಗಬ್ಬು ಹತ್ತಿಸುವ ಹೋತ ಹತ್ತಿರದಲ್ಲೆಲ್ಲೋ ಇರಬಹುದೆಂಬ ಗುಮಾನಿಯಿಂದ ಎರಡು ಬೀದಿ ಮೂಗರಳಿಸಿಕೊಂಡು ಸುತ್ತಿದ್ದೂ ಉಂಟು. ದಿನವೂ ಆಡಿಗೊಂದು, ಹೊತ್ತಿಗೊಂದು ಎಂದು ನಾಲ್ಕು ಪುಟ್ಟ ಬಟ್ಟಲುಗಳಲ್ಲಿ ರುಚಿಪರೀಕ್ಷೆ. ಅವರ ಯಜಮಾನರೂ ನಾನೂ ಪರೀಕ್ಷಕರು. ಬಾಯಿ ಮುಕ್ಕಳಿಸಿ ಉಗುಳಿ, ಅವರು ಸೋಪಿನ ವಾಸನೆ ಎಂದರೆ ನಾನು ಒದ್ದೆ ಗೋಣಿಚೀಲದ್ದು ಎಂದೆ.

"ಗೋಣಿಚೀಲ ತಿಂದಿದೀರಾ? ತಿಂದಿರಲ್ಲ" ಎಂದು ನನ್ನ ಸಾಕ್ಷ್ಯವನ್ನು ಡಾಕ್ಟರಮ್ಮ ತಳ್ಳಿಹಾಕಿದರು. ಆದರೂ ಒಂದು ಸಂಗತಿ ಖಚಿತವಾಯಿತು. ಕೋರೆಯ ಹಾಲು ಲೋಟ ತುಂಬದಷ್ಟು ಕಡಿಮೆಯಾದರೂ ಎರಡು ಹೊತ್ತೂ ಶುದ್ಧ, ಬೊಚ್ಚಿಯದು ಬೆಳಿಗ್ಗೆ ಅಮೃತ; ಕೆಡುತ್ತಿದ್ದುದು ಬೊಚ್ಚಿಯ ಸಂಜೆಯ ಹಾಲು ಮಾತ್ರ.

ಅದರ ಮರುದಿನ ಮಧ್ಯಾಹ್ನ ನಾನು ಅವರ ಕ್ಲಿನಿಕ್ಕಿನ ಕುರ್ಚಿಯಲ್ಲಿದ್ದೆ. ಹಲ್ಲು ಕೊರೆಯುವಾಗ ಕರೆಂಟು ಹೋಯಿತು. ಬಾಯಿಗೆ ಹತ್ತಿ ತುರುಕಿ, ಕರೆಂಟು ಬರುವತನಕ ಮನೆಯಲ್ಲೇ ಕಾಯೋಣವೆಂದು ನನ್ನನ್ನೂ ಹೊರಡಿಸಿದರು. ಗೇಟಿನ ಬಳಿ ಬಂದವರು ಥಟ್ಟನೆ ನಿಂತರು. ಕಿಟಕಿಯಿಂದ ಸುಕ್ಕುಗಟ್ಟಿದ ಒಂದು ಕೈ ಹೊರಚಾಚಿತ್ತು; ಆ ಕೈಯಲ್ಲಿ ಎಲೆಕೋಸಿನ ಹೊರ ಎಲೆ, ಮೂಲಂಗಿ ಸೊಪ್ಪಿನ ಒಂದು ಕಂತೆ. ಬೊಚ್ಚಿ ಮುಂಗಾಲೆತ್ತಿ ಗೋಡೆಗೆ ಊರಿ ಪರಮಾನಂದದಿಂದ ಮೆಲ್ಲುತ್ತಿತ್ತು.

"ತಿನ್ನೇ, ಇವತ್ತು ಜಾಸ್ತಿನೇ ಇಟ್ಟಿದೀನಿ. ನೀನು ಚೆನ್ನಾಗಿ ತಿಂದ್ರೆ ಹಾಲು ಚೆನ್ನಾಗತ್ತೆ. ಪಾಪ, ಅವಳು ನನಗೋಸ್ಕರ ಎಷ್ಟು ಒದ್ದಾಡ್ತಿದಾಳೆ!"

ಹಾಲು ಕರೆಯಲು ಇನ್ನು ಎರಡೇ ಗಂಟೆ. ತಿಂದ ಸೊಪ್ಪಿನ ಘಾಟು ನೇರ ಕೆಚ್ಚಲಿಗಿಳಿಯಲು ಅಷ್ಟು ಹೊತ್ತು ಧಾರಾಳ. ಹಾಲು ಕೆಟ್ಟಷ್ಟೂ ಅತ್ತೆ ಹೆಚ್ಚು ತಿನ್ನಿಸಿದ್ದರು, ತಿನ್ನಿಸಿದಷ್ಟೂ ಹಾಲು ಕೆಟ್ಟಿತ್ತು. ನನ್ನ ಬಾಯಲ್ಲಿ ಹತ್ತಿ ಇಲ್ಲದಿದ್ದರೆ ಅಲ್ಲೇ ಕೂಗಿಬಿಡುತ್ತಿದ್ದೆ. ಡಾಕ್ಟರಮ್ಮ ತುಟಿಯ ಮೇಲೆ ಬೆರಳಿಟ್ಟು, ನನ್ನ ತೋಳು ಹಿಡಿದು, ಬಂದ ದಾರಿಯಲ್ಲೇ ವಾಪಸು ನಡೆಸಿದರು. ಬೀದಿಯ ತಿರುವಿನಲ್ಲಿ ನಿಂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆ ನೀರು ಪೂರಾ ನಗೆಯದೇ ಆಗಿರಲಿಲ್ಲ.

"ಹೇಳ್ಬೇಕಾ ಅತ್ತೆಗೆ? ಬೇಡ. ಹುಳುಕು ಸಿಕ್ತಲ್ಲ, ಹಲ್ಲು ಯಾಕೆ ಕೀಳೋದು?"

ಸಂಜೆ ಅತ್ತೆಯ ಮುಂದೆ ಕುಳಿತು ಅವರು ಆಡಿದ ಮಾತಿಗೆ ನಾನೇ ಸಾಕ್ಷಿ. "ಅತ್ತೆ, ಬೊಚ್ಚಿ ಹಾಲು ಕೊಟ್ಟ ಮೇಲೆ ತುಂಬ ಸುಸ್ತಾಗ್ತಾಳೆ. ಆಗ ಯಾರಾದ್ರೂ ಕೈಯಾರೆ ಸೊಪ್ಪು ತಿನ್ನಿಸ್ಬೇಕು. ಅದಕ್ಕೆ ಮುಂಚೆ ಹೊಟ್ಟೆ ಹಗುರವಾಗಿರ್ಬೇಕು. ನೀವು ತರಕಾರಿ ಹೆಚ್ಚೋದನ್ನ ಸ್ವಲ್ಪ ಮುಂದಕ್ಕೆ ಹಾಕ್ಕೊಳ್ತೀರಾ? ನಿಮ್ಮನ್ನ ಬಿಟ್ರೆ ಅವಳು ಬೇರೆ ಯಾರ ಹತ್ರಾನೂ ತಿನ್ನಲ್ಲ."

ಅತ್ತೆ ಕರವಸ್ತ್ರ ಬಿಚ್ಚಿ ಹಲ್ಲಿನ ಸೆಟ್ಟು ಹಾಕಿಕೊಂಡರು. "ನನಗೇನು, ಬೇಕಾದಷ್ಟು ಹೊತ್ತಿದೆ" ಎಂದರು.

ಮೂರನೆಯ ಸಂಜೆ ಲೋಟ ಬರಿದಾಯಿತು. ಸೆರಗಿನಿಂದ ತುಟಿ ಒರೆಸಿಕೊಂಡು, ಅತ್ತೆ ನಮ್ಮೆಲ್ಲರನ್ನೂ ಒಂದು ಸುತ್ತು ನೋಡಿ ಹೇಳಿದರು: "ನೀವು ಆ ಪಾತ್ರೆ ಈ ಪಾತ್ರೆ ಅಂತ ಉಜ್ಜಿದ್ದೇ ಬಂತು. ನಾನು ಮೊದಲಿಂದ ಕದ್ದುಮುಚ್ಚಿ ಸೊಪ್ಪು ತಿನ್ನಿಸ್ತಾ ಬಂದೆ ನೋಡಿ, ಅದು ಈಗ ಅವಳ ಮೈಗೆ ಹತ್ತಿದೆ."

ನನಗೆ ಕೆಮ್ಮು ಬಂತು. ಡಾಕ್ಟರಮ್ಮ ಕಣ್ಣು ಮಿಟುಕಿಸದೆ, "ಹೂಂ ಅತ್ತೆ, ಎಲ್ಲ ನಿಮ್ಮ ಕೈಗುಣ" ಎಂದರು.

ದೋಷ ಕಂಡುಹಿಡಿಯುವ ಚತುರರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಕಂಡುಹಿಡಿದದ್ದನ್ನು ನಾಲ್ಕು ಜನರ ಮುಂದೆ ಸಾರದಿದ್ದರೆ ಅವರಿಗೆ ಉಂಡ ಅನ್ನ ಅರಗದು, ನಾನೂ ಆ ಪಂಗಡದವನೇ. ಡಾಕ್ಟರಮ್ಮನಂಥವರು ವಿರಳ. ಹುಡುಕುವಾಗ ಹಠ ಬಿಡದವರು, ಸಿಕ್ಕ ಮೇಲೆ ಸದ್ದಿಲ್ಲದೆ ಸರಿಪಡಿಸಿ ಹೆಸರನ್ನು ಇನ್ನೊಬ್ಬರ ಕೈಗಿತ್ತು ಬಿಡುತ್ತಾರೆ. ಅಂಥವರಿರುವ ಮನೆಯಲ್ಲಿ ಎಂಬತ್ತೆರಡರ ಜೀವವೂ ಈ ಸಂಸಾರ ತನ್ನಿಂದಲೇ ನಡೆಯುತ್ತಿದೆ ಎಂದು ನಂಬಿ, ಹೊಟ್ಟೆ ತುಂಬ ಹಾಲು ಕುಡಿದು, ಇನ್ನೂ ಕೆಲವು ವರ್ಷ ಬದುಕಲು ಮನಸ್ಸು ಮಾಡುತ್ತದೆ.