ಒಂದು ಹುಣಸೆಬೀಜ ಹೆಚ್ಚು

ಫ್ಯಾನು ಈ ಕಡೆ ತಿರುಗಿದಾಗಲೆಲ್ಲ ಬೆನ್ನು ತಣ್ಣಗಾಗುತ್ತದೆ, ಅಂದರೆ ಮತ್ತೆ ಒದ್ದೆಯಾಗಿದೆ, ಎದ್ದರೆ ಕುರ್ಚಿಯ ಮೇಲೆ ಗುರುತು ಉಳಿಯುತ್ತದೇನೋ, ಹಿಂದೆ ಕೂತ ಮಾಗಡಿ ತಾಲ್ಲೂಕಿನವರು ನೋಡಿ ನಗುತ್ತಾರೇನೋ — ಇದನ್ನು ಯಾರಿಗೂ ಹೇಳಿಲ್ಲ, ಡೈರಿಯಲ್ಲಿ ಮಾತ್ರ ಬರೆದಿದ್ದೇನೆ, ಮಧ್ಯಾಹ್ನ ಮೂರಾದರೆ ನಾನು ಬೆವರುತ್ತೇನೆ ಅಂತ, ಮೊದಲು ಸಣ್ಣ ಚಳಿ, ಆಮೇಲೆ ತಂಬಿಗೆಯಲ್ಲಿ ಹೊಯ್ದ ಹಾಗೆ ಬೆವರು, ಆಮೇಲೆ ಸೊಂಟದಲ್ಲೊಂದು ನೋವು. ನಾಚಿಕೆಯ ಬೆವರು, ಮತ್ತೇನು, ಹೈಸ್ಕೂಲಿನಲ್ಲಿ ಹಾಜರಿ ಕೂಗುವಾಗಲೂ ಕುಸುಮ ಅಂದೊಡನೆ ಅಂಗೈ ಒದ್ದೆಯಾಗುತ್ತಿತ್ತು, ಪ್ರೆಸೆಂಟ್ ಅನ್ನುವಷ್ಟರಲ್ಲಿ ಮುಂದಿನವಳ ಹೆಸರು ಬಂದುಬಿಡುತ್ತಿತ್ತು, ಎಷ್ಟೋ ದಿನ ಕ್ಲಾಸಿನಲ್ಲಿ ಕೂತೇ ಗೈರುಹಾಜರಿ. ರಾಮನಗರದ ಈ ಮೀಟಿಂಗ್ ಹಾಲಿನ ಕಿಟಕಿಯಲ್ಲಿ ಬಂಡೆ ಬಿಟ್ಟರೆ ಬೇರೇನೂ ಇಲ್ಲ. ಮುಂದಿನ ಸಾಲಿನಲ್ಲಿ ನಮ್ಮ ಆಫೀಸಿನ ರಾಧಾಮಣಿಯಕ್ಕನ ಜಡೆ, ಜಡೆಯಲ್ಲಿ ಕನಕಾಂಬರ, ಬೆಳಿಗ್ಗೆ ಕನಕಪುರದ ಬಸ್‌ಸ್ಟ್ಯಾಂಡಿನಲ್ಲಿ ಕೊಂಡದ್ದು, ಅರ್ಧ ಹರಿದು ನನಗೂ ಮುಡಿಸಿದಳು, ಒಸಿ ತಲೆ ಬಗ್ಸೆ, ನಿನ್ನೇನು ನೋಡಕ್ ಬಂದವ್ರಾ, ಕಿಟಕಿ ಪಕ್ಕದ ಸೀಟೂ ನನಗೇ ಬಿಟ್ಟುಕೊಟ್ಟಳು, ಡಬ್ಬಿ ತೆಗೆದು ಅವರೆಕಾಳಿನ ರೊಟ್ಟಿ ಕೊಟ್ಟಳು, ತಿನ್ನೇ, ಡೈರಿಲಿ ಬರ್ಕೊ, ರಾಧಾಮಣಿ ರೊಟ್ಟಿ ಕೊಟ್ಟವ್ಳೆ ಅಂತ. ಬರೆದುಕೊಂಡೆ. ನಿಜವಾಗಿಯೂ ಬಸ್ಸಿನಲ್ಲೇ ಬರೆದುಕೊಂಡೆ.

ಗೋಡೆಯ ಪರದೆಯ ಮೇಲೆ ಸಾಲುಗಳು ಮೇಲಕ್ಕೆ ಸರಿಯುತ್ತಿವೆ, ಒಂದು ಸಾಲು ಒಂದು ಹಟ್ಟಿ, ಒಂದು ಚೌಕ ಒಂದು ತಿಂಗಳು, ಕುರಿ ಸಾಕುವವರಲ್ಲಿ ಬಂದು ಬಂದು ಹೋಗುವ ಜ್ವರ ಎಷ್ಟು ಜನಕ್ಕೆ ಅನ್ನುವ ನಮ್ಮ ಸಮೀಕ್ಷೆ, ಕಂದು ಹಾಕಿದ, ಅಂದರೆ ದಿನ ತುಂಬುವ ಮೊದಲೇ ಸತ್ತ ಮರಿ ಹಾಕಿದ ಕುರಿಯನ್ನು ಬರಿಗೈಯಲ್ಲಿ ಮುಟ್ಟಿದವರಿಗೆ ಅಂಟುವ ಜ್ವರ, ಅದರ ಇಂಗ್ಲಿಷ್ ಹೆಸರನ್ನು ತಪ್ಪಿಲ್ಲದೆ ಹೇಳಲು ನನಗೆ ವಾರ ಹಿಡಿಯಿತು, ಹೊತ್ತು ಇಳಿಯುವಾಗ ಏರುತ್ತದೆ ಅಂತ ಹಟ್ಟಿಯಲ್ಲಿ ಅದಕ್ಕೆ ಬೈಗಿನ ಜ್ವರ ಅಂತಾರೆ ಅಷ್ಟೆ. ಸಮೀಕ್ಷೆ ನಡೆಸುವ ಸುಚಿತ್ರಾ ಮೇಡಂ ಕೈಯಲ್ಲಿ ಕೆಂಪು ಚುಕ್ಕಿಯ ಪಾಯಿಂಟರು, ಆ ಚುಕ್ಕಿ ಸಾಲಿನಿಂದ ಸಾಲಿಗೆ ಇಳಿಯುತ್ತಿದೆ, ಸತತ ನಾಲ್ಕು ತಿಂಗಳು ಸೊನ್ನೆ ಇರೋ ಜಾಗಗಳನ್ನ ಇವತ್ತು ಪಟ್ಟಿಯಿಂದ ತೆಗೆದುಬಿಡ್ತೀವಿ, ರಕ್ತಪರೀಕ್ಷೆ ತಂಡ, ಮಾತ್ರೆ, ಎಲ್ಲಾ ಉಳಿದ ಕಡೆಗೆ ಹೋಗುತ್ತೆ ಅನ್ನುತ್ತಿದ್ದಾರೆ. ನಮ್ಮ ಹಟ್ಟಿ ಬಂತು. ಸೊನ್ನೆ, ಸೊನ್ನೆ, ಸೊನ್ನೆ, ಸೊನ್ನೆ. ನಾಲ್ಕನೆಯದರ ಪಕ್ಕದಲ್ಲಿ ನಮೂದಿಸಿದವರು: ಕುಸುಮ.

ಇಲ್ಲ, ನಾಲ್ಕನೆಯದು ನನ್ನದು, ನಾಲ್ಕನೆಯದು ಹನ್ನೊಂದು. ಮೊದಲ ಮೂರು ತಿಂಗಳು ನಾನಿನ್ನೂ ಕೆಲಸಕ್ಕೇ ಸೇರಿರಲಿಲ್ಲ, ಆಗ ಹಟ್ಟಿ ರಾಧಾಮಣಿಯಕ್ಕನ ಪಾಲಿಗಿತ್ತು. ನಾನು ಹೋದಾಗ ಕಬ್ಬಾಳು ಬೆಟ್ಟದ ಬೆನ್ನಿಗೆ ಬಿಸಿಲು ಇಳಿಯುತ್ತಿತ್ತು, ದೊಡ್ಡಿಯ ಬೇಲಿಗೆ ಒರಗಿಕೊಂಡ ಲಕ್ಕಯ್ಯಜ್ಜ, ಏನವ್ವ, ನಮ್ಮ ಮನೇಲೇ ಹುಟ್ಟಿ ನಮ್ ಕುರೀನೇ ಎಣ್ಸಕ್ ಬಂದ್ಬುಟ್ಯಾ, ಬಿಎಸ್ಸಿ ಓದಿದ್ದು ಇದ್ಕೇಯಾ. ಕುರಿಯಲ್ಲ ಅಜ್ಜ, ಜ್ವರ ಬಂದವರನ್ನ. ಜ್ವರ ಬಂದವ್ರು ಕುರಿಗಿಂತ ಜಾಸ್ತಿ ಅವ್ರೆ ಹೋಗು, ಅಂತ ನಕ್ಕ, ನಗುವಾಗಲೂ ಮಂಡಿ ಹಿಡಿದುಕೊಂಡೇ ನಕ್ಕ. ಬಾಯಿಬಿಟ್ಟು ಯಾರೂ ಲೆಕ್ಕ ಹೇಳಲಿಲ್ಲ, ನಮ್ಮಲ್ಲಿ ಕುರಿಯನ್ನೂ ಮಕ್ಕಳನ್ನೂ ಮಲಗಿದವರನ್ನೂ ಬಾಯಲ್ಲಿ ಎಣಿಸುವುದಿಲ್ಲ, ಎಣಿಸಿದರೆ ಒಂದು ಕಮ್ಮಿಯಾಗುತ್ತದೆ. ಕೊನೆಗೆ ದೊಡ್ಡಮ್ಮ, ಅಪ್ಪನ ಅಣ್ಣನ ಹೆಂಡತಿ ಬೀರಮ್ಮ, ಒಳಗೆ ಹೋಗಿ ಸೆರಗಿನಲ್ಲಿ ಹುಣಸೆಬೀಜ ತಂದಳು, ನನ್ನ ಅಂಗೈ ಬಿಡಿಸಿ ಒಂದೊಂದೇ ಇಟ್ಟಳು, ಒಂದು ಇಡುವಳು, ಒಂದು ಮನೆಯ ಕಡೆ ನೋಡುವಳು, ಇನ್ನೊಂದು ಇಡುವಳು. ಇದ್ಕಿಂತ ಮುಂಚೆ ಬಂದಿದ್ರಲ್ಲ ದೊಡ್ಡಮ್ಮ, ನಮ್ಮ ಆಫೀಸಿನವರು, ಅವರಿಗೂ ಹಿಂಗೇ ಕೊಟ್ಟಿದ್ಯಾ? ಯಾರ್ ಬಂದಿದ್ರು, ನಿನ್ಗಿಂತ ಮುಂಚೆ ಒಂದ್ ನರಪಿಳ್ಳೇನೂ ಬಂದಿಲ್ಲ ಕಣವ್ವ.

ಆ ಮಾತು ಕಿವಿಗೆ ಬಿದ್ದಿತ್ತು. ಬಿದ್ದಿತ್ತು, ಡೈರಿಯಲ್ಲೂ ಇದೆ, ಆದರೆ ನಾನು ಅದನ್ನು ದೊಡ್ಡಮ್ಮನ ಮರೆವು ಅಂತ ಬರೆದಿಟ್ಟೆ, ರಾಧಾಮಣಿಯಕ್ಕನ ಮೇಲೆ ಅನುಮಾನ ಬರಲೇ ಇಲ್ಲ, ಹೇಗೆ ಬಂದೀತು, ನನಗೆ ಕೆಲಸ ಕಲಿಸಿದವಳೇ ಅವಳು. ಮೊದಲ ದಿನ ನಾನು ಒಂದು ಚೌಕ ಖಾಲಿ ಬಿಟ್ಟಿದ್ದೆ, ಕೈ ಹಿಡಿದು ತೋರಿಸಿದಳು, ಖಾಲಿ ಬುಟ್ರೆ ಯಾರೂ ಹೋಗಿ ಕೇಳಿಲ್ಲ ಅಂತ, ಸೊನ್ನೆ ಹಾಕಿದ್ರೆ ಹೋದ್ವಿ, ಕೇಳಿದ್ವಿ, ಏನೂ ಇಲ್ಲ ಅಂತ, ಎರಡ್ಕೂ ಭೂಮಿ ಆಕಾಶ ವ್ಯತ್ಯಾಸ ಐತೆ ಕಣೆ, ತಿಳ್ಕೊ. ತಿಳಿದುಕೊಂಡೆ. ಎಷ್ಟು ಚೆನ್ನಾಗಿ ಹೇಳಿಕೊಟ್ಟಳು ಅಂತ ಅವತ್ತು ಅರ್ಧ ಪುಟ ಬರೆದೆ. ಮೂರು ತಿಂಗಳು ಕನಕಪುರದ ಆಫೀಸಿನ ಕುರ್ಚಿಯಲ್ಲಿ ಕೂತು, ಬಹುಶಃ ಟೀ ಕುಡಿಯುತ್ತ, ಹೋದ್ವಿ ಕೇಳಿದ್ವಿ ಏನೂ ಇಲ್ಲ ಅಂತ ಒತ್ತಿದ ಬೆರಳೇ ನನ್ನ ಕೈ ಹಿಡಿದು ಕಲಿಸಿದ್ದು.

ಹಟ್ಟಿಗೆ ಹೋಗಿಬಂದ ಮೇಲೆ, ಹದಿನಾಲ್ಕನೇ ತಾರೀಖು, ನಾನು ಆಸ್ಪತ್ರೆಯ ಬೆಂಚಿನ ಮೇಲಿದ್ದೆ, ದೊಡ್ಡಮ್ಮನ ಸೊಸೆ ವರಲಕ್ಷ್ಮಿಗೆ ಐದು ತಿಂಗಳಿಗೇ ಬಸಿರು ಇಳಿದುಹೋಗಿತ್ತು, ಎರಡನೇ ಸಲ, ಅವಳ ಸೀರೆಯನ್ನು ನಾನೇ ಪ್ಲಾಸ್ಟಿಕ್ ಚೀಲಕ್ಕೆ ತುಂಬಿದೆ, ಅವಳು ಒಂದೇ ಮಾತು ಕೇಳಿದಳು, ಕುರಿಗೂ ಹಿಂಗೇ ಆಗೋದು ಅಲ್ವಾ ಕುಸುಮ. ಅವತ್ತೇ ಕೊನೇ ದಿನ, ಐದು ಗಂಟೆಯೊಳಗೆ ಹಟ್ಟಿಯ ಸಂಖ್ಯೆ ಕಂಪ್ಯೂಟರಿಗೆ ಹೋಗಬೇಕು. ಫೋನು ಮಾಡಿದೆ, ಅಕ್ಕ, ನನ್ನ ಲಾಗಿನ್ನಲ್ಲಿ ನೀವೇ ಹಾಕಿಬಿಡಿ, ಪಾಸ್‌ವರ್ಡು ಬಿಳಿಗೌರಿ, ನಾನು ಚಿಕ್ಕವಳಿದ್ದಾಗ ಸಾಕಿದ ಕುರಿಮರಿಯ ಹೆಸರು, ಅದನ್ನು ಇನ್ಯಾರಿಗೂ ಹೇಳಿದ್ದೇ ಇಲ್ಲ. ಎಷ್ಟೇ ಹಾಕ್ಲಿ? ಹನ್ನೊಂದು. ಅಷ್ಟೊಂದಾ, ಅಂದಳು. ಹೂಂ ಅಕ್ಕ, ಹೆಸರು ಸಮೇತ ಐತೆ. ಆಯ್ತು ಬುಡು, ನಾನ್ ನೋಡ್ಕತೀನಿ, ನೀನು ಅವ್ಳನ್ನ ನೋಡ್ಕೊ, ಊಟ ಮಾಡಿದ್ಯಾ ಇಲ್ವಾ? ಊಟ ಮಾಡಿದ್ಯಾ ಅಂತ ಕೇಳಿದವಳು. ಬೆಂಚಿನ ಮೇಲೆ ಕೂತು ಅಷ್ಟಕ್ಕೇ ಕಣ್ಣಲ್ಲಿ ನೀರು ಬಂದಿತ್ತು ನನಗೆ. ಹನ್ನೊಂದು ಹಾಕಿದ್ದರೆ ಮೇಲಿನ ಮೂರು ಸೊನ್ನೆಗಳಿಗೆ ಯಾರು ಉತ್ತರ ಹೇಳಬೇಕಿತ್ತು, ಈಗ ಅರ್ಥವಾಗುತ್ತಿದೆ, ಒಂದೇ ತಿಂಗಳಲ್ಲಿ ಹನ್ನೊಂದು ಜನ ಎಲ್ಲಿಂದ ಬಂದರು ಅಂತ ಕೇಳುತ್ತಿದ್ದರು, ಅದಕ್ಕೇ ನಾಲ್ಕನೆಯದನ್ನೂ ಸೊನ್ನೆ ಮಾಡಿದಳು, ಅದೂ ನನ್ನ ಹೆಸರಿನಲ್ಲಿ, ಬಿಳಿಗೌರಿ ಅಂತ ಟೈಪು ಮಾಡಿ. ಈಗ ಲಕ್ಕಯ್ಯಜ್ಜ ಏನು ಅಂದುಕೊಳ್ಳುತ್ತಾನೆ, ಹೊರಗಿನವರಾಗಿದ್ದರೆ ಬಾಗಿಲಲ್ಲೇ ಕಳಿಸುತ್ತಿದ್ದ, ನಮ್ಮ ಹುಡುಗಿ ಅಂತ ಒಳಗೆ ಕರೆದ, ಮಾತ್ರೆ ಬರುತ್ತೆ ಅಜ್ಜ, ರಕ್ತ ತಗೊಳ್ಳೋಕೆ ಬರ್ತಾರೆ, ನಾನು ಬರೆದು ಕಳಿಸ್ತೀನಿ, ನಾನೇ ಹೇಳಿದ್ದು, ನನ್ನ ಬಾಯಲ್ಲೇ.

ಕೆಂಪು ಚುಕ್ಕಿ ನಮ್ಮ ಸಾಲಿನ ಮೇಲೆ ನಿಂತಿದೆ. ಕನಕಪುರದ ಈ ಹಟ್ಟಿ, ನಾಲ್ಕೂ ಸೊನ್ನೆ, ತೆಗೆದುಬಿಡಣ್ವಾ, ಕೊನೇ ಎಂಟ್ರಿ ಕುಸುಮ ಅಂತಿದೆ, ಯಾರು ಕುಸುಮ, ಸರಿ ಇದ್ಯಾ ಇದು? ಮೇಡಂ ಕೇಳುತ್ತಿದ್ದಾರೆ. ಹಾಜರಿ ಕೂಗಿದ ಹಾಗೆ. ನನ್ನ ಬಾಯಿ ತೆರೆಯುವಷ್ಟರಲ್ಲಿ ಮುಂದಿನ ಸಾಲಿನಿಂದ ರಾಧಾಮಣಿಯಕ್ಕ, ಸರಿ ಐತೆ ಮೇಡಂ, ನಮ್ ಹುಡ್ಗೀನೇ, ಒಸಿ ನಾಚ್ಕೆ ಜಾಸ್ತಿ ಅವ್ಳಿಗೆ — ಹಾಲೆಲ್ಲ ಸಣ್ಣಗೆ ನಗುತ್ತದೆ, ಹಿಂದಿನಿಂದ ಮಾಗಡಿಯವರೊಬ್ಬರು, ಪಾಪ, ಮಾತಾಡಿದ್ರೆ ಮುತ್ತು ಉದುರೋದೇನೋ, ಅನ್ನುತ್ತಾರೆ, ಅಕ್ಕ ಕುರ್ಚಿಯಲ್ಲೇ ಹಿಂದಕ್ಕೆ ಬಾಗಿ ನನಗಷ್ಟೇ ಕೇಳುವ ಹಾಗೆ, ಸುಮ್ನಿರು ಕಣೆ, ನಿನ್ ಒಳ್ಳೇದ್ಕೇ ಮಾಡಿದ್ದು, ಬಸ್ಸಲ್ಲಿ ಹೇಳ್ತೀನಿ. ಕನಕಾಂಬರ ಅಷ್ಟು ಹತ್ತಿರ, ಅದಕ್ಕೆ ವಾಸನೆಯೇ ಇಲ್ಲ. ಬಸ್ಸಿನಲ್ಲಿ ಹೇಳುತ್ತಾಳೆ, ರೊಟ್ಟಿ ಉಳಿದಿದೆ, ಕಿಟಕಿ ಪಕ್ಕದ ಸೀಟು ಕೊಡುತ್ತಾಳೆ, ನಾನು ಹೂಂ ಅನ್ನುತ್ತೇನೆ, ಡೈರಿಯಲ್ಲಿ ಬರೆಯುತ್ತೇನೆ, ಡೈರಿಯಲ್ಲಿ ಬರೆದದ್ದಕ್ಕೆ ರಕ್ತಪರೀಕ್ಷೆ ತಂಡ ಬರುವುದಿಲ್ಲ.

ಮಡಿಲಲ್ಲಿ ಚೀಲ, ಚೀಲದಲ್ಲಿ ಹಳೆಯ ಜಾಮಿಟ್ರಿ ಡಬ್ಬಿ, ಡಬ್ಬಿಯಲ್ಲಿ ಬೀಜಗಳು, ಎಸೆಯಲು ಮನಸ್ಸಾಗದೆ ಇಟ್ಟುಕೊಂಡವು, ಬೆರಳಿಗೆ ನುಣ್ಣಗೆ, ತಣ್ಣಗೆ. ಹಟ್ಟಿಯಿಂದ ಬಂದ ಸಂಜೆ ಹಾಸಿಗೆಯ ಮೇಲೆ ಹರಡಿ ಒಂದೊಂದು ಬೀಜಕ್ಕೆ ಒಂದೊಂದು ಹೆಸರು ಹೇಳಿದ್ದೆ, ಲಕ್ಕಯ್ಯಜ್ಜ, ವರಲಕ್ಷ್ಮಿ, ಅವಳ ಗಂಡ ಚಿಕ್ಕರಾಜು, ಹೀಗೆ ಹನ್ನೊಂದು ಹೆಸರು ಮುಗಿದ ಮೇಲೂ ಒಂದು ಬೀಜ ಉಳಿದಿತ್ತು. ಮನೆಮನೆಗೂ ಹೋಗಿ ನೋಡಿದ್ದೆನಲ್ಲ, ಹನ್ನೊಂದೇ. ಮುಂದಿನ ವಾರ ಕೇಳಿದ್ದಕ್ಕೆ ದೊಡ್ಡಮ್ಮ ರಾಗಿ ಕೇರುತ್ತಿದ್ದವಳು ಮೊರ ನಿಲ್ಲಿಸದೆ, ನಾನ್ ಸರಿಯಾಗೇ ಕೊಟ್ಟಿವ್ನಿ, ನೀನೇ ಸರಿಯಾಗ್ ನೋಡ್ಕೊ, ಅಂದಳು. ನೋಡಿಕೊಳ್ಳಲಿಲ್ಲ. ಕೊನೆಯ ಬೀಜ ಇಡುವಾಗ ಅವಳು ಯಾವ ಮನೆಯ ಕಡೆಗೂ ನೋಡಿರಲಿಲ್ಲ, ಬೀಜ ಇಟ್ಟವಳು ನನ್ನ ಮಣಿಕಟ್ಟು ಬಿಡಲೇ ಇಲ್ಲ, ಬಿಸಿ ನೋಡುವವರ ಹಾಗೆ ಹಿಡಿದೇ ಇದ್ದಳು, ನನ್ನ ಮುಖವನ್ನೇ ನೋಡುತ್ತಿದ್ದಳು. ದೀಪಾವಳಿಗೆ ಊರಿಗೆ ಹೋದಾಗ ಕುರಿ ಕಂದು ಹಾಕಿತ್ತು, ಸತ್ತ ಮರಿಯನ್ನು ಎಳೆದವಳು ನಾನು, ಬರಿಗೈಯಲ್ಲಿ, ಕೈಗೆ ಚೀಲ ಕಟ್ಟಿಕೊಳ್ಳಿ ಅಂತ ಹಟ್ಟಿಗೆಲ್ಲ ಹೇಳುವ ಕೆಲಸಕ್ಕೆ ಇನ್ನೂ ಸೇರಿರಲಿಲ್ಲ. ಮೂರು ಗಂಟೆ. ಚಳಿ, ಬೆವರು, ಸೊಂಟ. ನಾಚಿಕೆ ಅಂದುಕೊಂಡು ಇಷ್ಟು ದಿನ — ಯಾರೂ ಕೇಳದ ಖಾಲಿ ಚೌಕವಲ್ಲ ನಾನು, ನನ್ನನ್ನು ನಾನೇ ಕೇಳಿ ನಾನೇ ಸೊನ್ನೆ ಹಾಕಿಕೊಂಡಿದ್ದೆ. ಅಂಗೈಯಲ್ಲಿ ಬೀಜ. ಮುಂದೆ ಕನಕಾಂಬರ ಅಲುಗುತ್ತದೆ, ಕೆಂಪು ಚುಕ್ಕಿ ಕೆಳಗಿನ ಸಾಲಿಗೆ ಇಳಿಯುತ್ತದೆ, ಬಾಯಲ್ಲಿ ಎಣಿಸಿದರೆ ಒಂದು ಕಮ್ಮಿಯಾಗುತ್ತದೆ, ಅಂಗೈಯಲ್ಲಿ ಬೀಜ, ಕುರ್ಚಿ ಹಿಂದಕ್ಕೆ ಸರಿದ ಸದ್ದು ನನ್ನದೇ, ಒದ್ದೆ ಬೆನ್ನನ್ನು ಮಾಗಡಿಯವರೆಲ್ಲ ನೋಡಲಿ, ಕಂದುಬಣ್ಣದ, ನುಣ್ಣನೆಯ, ಯಾರ ಹೆಸರೂ ಹೇಳದೆ ಉಳಿಸಿದ ಆ ಒಂದು ಬೀಜ —

ಸೊನ್ನೆ ಅಲ್ಲ ಮೇಡಂ, ಹನ್ನೆರಡು. ಹನ್ನೆರಡನೆಯವಳು ನಾನು.