ಸಮುದ್ರದ ಪಾಲು

"ಯಾವನ್ಲಾ ಹಗ್ಗಾನ ಇಷ್ಟು ಜೋಲುಬಿಟ್ಟೋನು? ಬಿಗೀಲಾ ಬಡ್ಡೀಮಗನೆ! ನಿನ್ ಮೀನುನಾತದ ದೋಣಿ ಅಲ್ಲ ಇದು."

ದ್ವೀಪದ ಹೋಟೆಲಿನ ಧಣಿ ವಿಟ್‌ಲಾಕ್ ದಡದಲ್ಲಿ ನಿಂತು ಕೂಗುತ್ತಿದ್ದ. ಆಸ್ರಿಕ್ ಹಿನ್ನೀರಿನಲ್ಲಿ ಸೊಂಟಮಟ್ಟಕ್ಕೆ ನಿಂತು ಧಣಿಯ ಬಿಳಿ ವಿಹಾರದೋಣಿಯನ್ನು ಕಾಂಡ್ಲಾ ಮರಗಳ ಬೇರುಗಳಿಗೆ ಕಟ್ಟುತ್ತಿದ್ದ. ಇನ್ನೂ ಜೂನ್. ಅಪ್ಪನ ಕಾಲದಲ್ಲಿ ಸೆಪ್ಟೆಂಬರಿಗೆ ಬರುತ್ತಿದ್ದ ಚಂಡಮಾರುತ ಈಗ ಮಾವಿನಹಣ್ಣು ಮುಗಿಯುವವರೆಗೂ ಕಾಯುವುದಿಲ್ಲ. ಕಡಲು ಸ್ನಾನದ ನೀರಿನಷ್ಟು ಬೆಚ್ಚಗಿತ್ತು. ಬರುವ ಗಾಳಿ ಸಣ್ಣದಲ್ಲ ಎಂದು ಅವನಿಗೆ ಅದರಿಂದಲೇ ಗೊತ್ತಾಗಿತ್ತು.

"ಇದು ಸಮುದ್ರದ ಪಾಲು, ಧಣಿ," ಎಂದ ಆಸ್ರಿಕ್. "ಗಾಳಿ ಬಂದಾಗ ನೀರು ಏರ್ತದೆ. ಮೂರು ಮಾರು ಸಡ್ಲ ಬಿಟ್ರೆ ದೋಣೀನೂ ಜೊತೇಲಿ ಏರ್ತದೆ. ನಮ್ಮಜ್ಜನ ಕಾಲದಿಂದ್ಲೂ..."

"ನಿಮ್ಮಜ್ಜ ಕಬ್ಬಿನ ತೋಟದಲ್ಲಿ ಚಾಟಿಯೇಟು ತಿಂತಿದ್ದ. ಅವನಿಗೇನ್ಲಾ ಗೊತ್ತು ದೋಣಿ ವಿಷ್ಯ? ಬಣ್ಣ ಕೆತ್ತಿಹೋದ್ರೆ ನಿನ್ ಚರ್ಮ ಸುಲಿದು ಮೆತ್ತಿಸ್ಲಾ? ಬಿಗಿ! ಮಿಕ್ಕಿದ್ದು ಕತ್ತರಿಸಿ ಬಿಸಾಕು. ಸಮುದ್ರಕ್ಕೆ ನಾನ್ಯಾಕ್ ಪಾಲು ಕೊಡ್ಲಿ?"

ಆಸ್ರಿಕನ ಕಿವಿ ಕಾದವು. ಗಾಳಿಯ ದಿನಗಳಲ್ಲಿ ಊರಿನ ನಾಲ್ಕು ದೋಣಿಗಳು ಬಚ್ಚಿಟ್ಟುಕೊಳ್ಳುತ್ತಿದ್ದದ್ದು ಈ ಹಿನ್ನೀರಿನಲ್ಲಿಯೇ. ಬೆಳಿಗ್ಗೆ ಬಿಳಿದೋಣಿಗೆ ಜಾಗ ಮಾಡಲು ಧಣಿಯ ಕಾವಲಿನವರು ನಾಲ್ಕನ್ನೂ ಬಿಚ್ಚಿ ಹೊರಗೆ ಬಯಲು ಮರಳಿಗೆ ಎಳೆದು ಹಾಕಿದ್ದರು. ಒಂದು ಆಸ್ರಿಕನದು. ಅದರ ಮೂತಿಹಲಗೆಯ ಮೇಲೆ ಅವನ ಅವ್ವನ ಹೆಸರಿತ್ತು, ಇಫಿಜೀನ್. ಹೋಟೆಲಿನ ಕಿಟಕಿಗೆ ಕಡಲು ಕಾಣಲೆಂದು ಧಣಿ ಊರ ಮುಂದೆ ಅಲೆ ತಡೆಯುತ್ತಿದ್ದ ಕಾಂಡ್ಲಾ ಕಾಡನ್ನು ಕಡಿಸಿದ್ದ. ಎರಡು ವರ್ಷದ ಹಿಂದಿನ ಗಾಳಿಯಲ್ಲಿ ಕಡಲು ಆ ಬಯಲಿನಿಂದಲೇ ನುಗ್ಗಿ ಅವ್ವನನ್ನು ಮಂಚದ ಸಮೇತ ಒಯ್ದಿತ್ತು. ಹೆಣವೂ ಸಿಗಲಿಲ್ಲ. ಅವ್ವನ ಗುರುತಿಗೆ ಉಳಿದದ್ದು ಆ ದೋಣಿ ಒಂದೇ.

ಇನ್ನೊಂದು ಸಲ ತಿಳಿಸಿ ಹೇಳಬಹುದಿತ್ತು. ಆಸ್ರಿಕ್ ಹೇಳಲಿಲ್ಲ.

"ಆಯ್ತು ಧಣಿ. ನೀವು ಹೇಳ್ದಂಗೇ."

ಬೇರಿಗೆ ಕಾಲೊತ್ತಿ ಎಳೆದ. ಆರು ಕಡೆ, ಒಂದು ಬೆರಳೂ ತೂರದಂತೆ, ಬುಡದ ಬೇರಿಗೇ ಬಿಗಿದ. ಅಮೆರಿಕದಿಂದ ತರಿಸಿದ ಹಗ್ಗ, ಹರಿಯುವ ಜಾತಿಯದಲ್ಲ. ಒಂದೊಂದು ಗಂಟಿಗೂ ಮನಸ್ಸಿನಲ್ಲೇ ಅವ್ವನ ಹೆಸರು ಹೇಳಿದ. ಜನ್ಮದಲ್ಲಿ ಯಾವ ಕೆಲಸವನ್ನೂ ಅವನು ಇಷ್ಟು ಮನಸ್ಸಿಟ್ಟು ಮಾಡಿರಲಿಲ್ಲ.

"ನೋಡ್ದ್ಯಾ? ಉಗಿದ್ರೇನೇ ನಿಮ್ಮಂಥೋರಿಗೆ ಕೆಲ್ಸ ಬರೋದು," ಎಂದು ಧಣಿ ವಿಮಾನ ಹಿಡಿಯಲು ಹೊರಟ.

ಕತ್ತರಿಸಿದ ತುಂಡುಗಳನ್ನು ಹೆಗಲಿಗೆ ಹಾಕಿಕೊಂಡು ಆಸ್ರಿಕ್ ಮನೆಗೆ ಬಂದ. ಹೆಂಡತಿ ವರ್ಲಿನ್ ಸೂರಿನ ತಗಡಿಗೆ ಮೊಳೆ ಹೊಡೆಯುತ್ತಿದ್ದಳು.

"ಎಲ್ಲಿದ್ದು ಹಗ್ಗ?"

"ಸಮುದ್ರದ ಪಾಲು. ಧಣಿಗೆ ಬೇಡ್ವಂತೆ."

ಅವಳ ಸುತ್ತಿಗೆ ನಿಂತಿತು. ಗಂಡನ ಮುಖವನ್ನೇ ನೋಡಿದಳು.

"ಸಡ್ಲ ಬಿಡ್ಲೇ ಇಲ್ವಾ?"

"ಒಂದ್ ಗೇಣೂ ಇಲ್ಲ."

"ಗಂಟು ಗಟ್ಟಿಯಾಗಿ ಹಾಕಿದ್ಯಾ ಮತ್ತೆ?"

"ಹಾಕಿದೀನಿ."

"ಹಂಗಾದ್ರೆ ಇತ್ಲಾಗ್ ತಾ," ಎಂದು ಅವಳು ತುಂಡುಗಳನ್ನು ಜೋಡಿಸಿ, ತಗಡಿನ ಮೇಲೆ ಹಾಯಿಸಿ ದೀವಿಹಲಸಿನ ಬುಡಕ್ಕೆ ಕಟ್ಟಿದಳು.

ಮರುದಿನ ಮಧ್ಯಾಹ್ನ ಗಾಳಿ ಬಂತು. ಹಿಂದಿನ ಸಂಜೆ ರೇಡಿಯೋ ಸಾಧಾರಣ ಎಂದಿದ್ದ ಗಾಳಿ ಬೆಳಗಾಗುವುದರೊಳಗೆ ದೈತ್ಯಾಕಾರ ತಾಳಿತ್ತು. ಊರಿನಲ್ಲಿ ಏಳು ಸೂರು ಉಳಿದವು. ಆಸ್ರಿಕನದು ಅದರಲ್ಲೊಂದು. ಮರಳಿನ ಮೇಲಿದ್ದ ನಾಲ್ಕು ದೋಣಿಗಳೂ ಸೌದೆಯಾಗಿದ್ದವು. ಅವ್ವನ ಹೆಸರಿನ ಹಲಗೆಯೊಂದು ಮಾತ್ರ ಸಿಕ್ಕಿತು. ಆಸ್ರಿಕ್ ಅದನ್ನು ಎದೆಗವಚಿಕೊಂಡು ಮಗುವಿನಂತೆ ಅತ್ತ.

ಐದನೆಯ ದಿನ ಧಣಿ ಬಂದ. ನೀರು ಇಳಿದಿದ್ದ ಹಿನ್ನೀರಿನಲ್ಲಿ ಆರು ಹಗ್ಗಗಳೂ ಸಡಿಲವಾಗಿರಲಿಲ್ಲ, ಆರು ಗಂಟುಗಳೂ ಬಿಚ್ಚಿರಲಿಲ್ಲ. ಬಿಳಿದೋಣಿ ಮಾತ್ರ ತಳದ ಕೆಸರಿನಲ್ಲಿತ್ತು. ಏರಿದ ನೀರಿನ ಜೊತೆ ಅದನ್ನು ಏಳಲು ಬಿಗಿದ ಹಗ್ಗಗಳು ಬಿಟ್ಟಿರಲಿಲ್ಲ.

"ಯಾವ ಸೂಳೆಮಗ ಕಟ್ಟಿದ್ದು?"

"ನಾನೇ. ನೀವು ಹೇಳ್ದಂಗೇ."

ಧಣಿ ಅವನನ್ನು ಮೇಲಿಂದ ಕೆಳಗೆ ನೋಡಿದ. ಸೂರಿನಿಂದ ಬಿಚ್ಚಿ ಆಸ್ರಿಕ್ ಹೆಗಲಿಗೆ ಹಾಕಿಕೊಂಡಿದ್ದ ಹಗ್ಗ ಕಣ್ಣಿಗೆ ಬಿತ್ತು.

"ಅದು ನನ್ ಹಗ್ಗ! ಕೊಡ್ಲಾ ಇಲ್ಲಿ. ನೀರಿಗಿಳಿದು ದೋಣೀಗೆ ಕಟ್ಟು, ಎಳ್ಸಬೇಕು."

ದೋಣಿ ಕಳೆದುಕೊಂಡ ಉಳಿದ ಮೂವರು ಬಂದು ಆಸ್ರಿಕನ ಹಿಂದೆ ನಿಂತರು. ಯಾರ ಕೈಯಲ್ಲೂ ಏನೂ ಇರಲಿಲ್ಲ. ಆಸ್ರಿಕ್ ಹಗ್ಗವನ್ನು ಹೆಗಲಿನಿಂದ ತೆಗೆದು, ನಿಧಾನವಾಗಿ ಮುಂಗೈಗೆ ಸುತ್ತಿಕೊಂಡ. ಅರವತ್ತು ವರ್ಷದಲ್ಲಿ ಯಾವ ಧಣಿಗೂ ಆಡದ ಏಕವಚನ ಅವನ ಬಾಯಿಗೆ ಬಂತು.

"ಬಾ. ಬಂದು ತಗೊ."