ಮೇಜು ಇದ್ದ ಜಾಗ

ಊಟದ ಮೇಜನ್ನು ನಾಲ್ವರು ಸೇರಿ ಅಂಗಳಕ್ಕೆ ಸಾಗಿಸುತ್ತಿದ್ದಾಗ ನಾಯಿ ಬಂದು ಅದರ ಕಾಲಿಗೆ ಡಿಕ್ಕಿ ಹೊಡೆಯಿತು. ಯಾರೋ ಗದರಿದರು. ಬೆದರಿ ತಿರುಗಿದ್ದು, ಬೆಳಿಗ್ಗೆಯಷ್ಟೇ ತಂದಿಟ್ಟ ಬಾಡಿಗೆ ಬೆಂಚಿಗೆ ಹಣೆ ಚಚ್ಚಿಕೊಂಡಿತು. ದರ್ಜಿಯ ಹೆಣ ಮಲಗಿಸಲು ನಡುಮನೆಯಲ್ಲಿ ಜಾಗ ಬೇಕಿತ್ತು. ವರ್ಷಗಟ್ಟಲೆ ಒಂದು ಗೇಣೂ ಅಲುಗದ ಸಾಮಾನೆಲ್ಲ ನೋಡನೋಡುತ್ತ ಅಂಗಳ ಸೇರಿತು.

ದರ್ಜಿಯ ಹೆಂಡತಿ ಗೋಡೆಗೊರಗಿ ಕೂತಿದ್ದಳು. ಅವಳ ತಮ್ಮ ಪಕ್ಕದಲ್ಲಿ ಕುಕ್ಕರಿಸಿದ.

"ಅಕ್ಕಾ, ದನದ ಡಾಕ್ಟ್ರ ಹತ್ರ ಮಾತಾಡಿದೀನಿ. ಎಲ್ಲ ಮುಗಿದ ಮೇಲೆ ಇದನ್ನ ಕರ್ಕೊಂಡು ಹೋಗ್ತೀನಿ. ಒಂದು ಇಂಜೆಕ್ಷನ್, ಅಷ್ಟೆ. ಕಣ್ಣಿಲ್ಲದ ಪ್ರಾಣಿ ಕಟ್ಕೊಂಡು ಒಬ್ಬಳೇ ಹೇಗಿರ್ತೀಯಾ?"

ಅವಳು ಹೂಂ ಎಂದಳು. ಬೇಡ ಎನ್ನಲು ಬಾಯಿ ಬರಲಿಲ್ಲ. ಆ ನಾಯಿ ಬಂದದ್ದೇ ತಮ್ಮನ ಮನೆಯಿಂದ.

*

ತಮ್ಮ ಕೊಟ್ಟ ಮರಿ ಬೆಳೆದು ನಾಯಿಯಾದ ಮೇಲೆ, ಸಂಜೆಯ ಮಬ್ಬಿನಲ್ಲಿ ಮೆಟ್ಟಿಲಿಳಿಯಲು ಹೆದರತೊಡಗಿತು. ಆಮೇಲೆ ಹಗಲಿನಲ್ಲೂ ಎಸೆದ ಚೆಂಡು ಕಾಣದಾಯಿತು. ಡಾಕ್ಟರು ಟಾರ್ಚು ಬಿಟ್ಟು ನೋಡಿ, ಕಣ್ಣಿನ ಹಿಂದಿನ ಪರದೆ ಸವೆಯುತ್ತಿದೆ, ಇದು ಹೆತ್ತವರಿಂದ ಬಂದದ್ದು, ಮದ್ದಿಲ್ಲ ಎಂದರು. ತವರಿನ ಉಡುಗೊರೆ ಹೀಗಾಯಿತಲ್ಲ ಎಂದು ಅವಳು ನಾಚಿಕೆಯಿಂದ ಕುಗ್ಗಿದಳು.

"ನಿಮ್ಮ ತವರಿನವರಿಗೆ ಕಣ್ಣು ಕಂಡಿದ್ದು ಯಾವಾಗ?" ಎಂದು ದರ್ಜಿ ನಕ್ಕ. "ಕಂಡಿದ್ರೆ ನಿನ್ನ ನನಗೆ ಕೊಡ್ತಿದ್ರಾ?"

ಅಂದಿನಿಂದ ಮನೆಗೆ ಹೊಸ ಕಾನೂನು ಬಂತು. ಏನನ್ನೂ ಸರಿಸಕೂಡದು. ಕೋಟಿನ ಅಸ್ತರಿನ ಚೂರುಗಳಲ್ಲಿ ಹತ್ತಿ ತುಂಬಿ, ಮೇಜು, ಮಂಚ, ಬೀರುಗಳ ಚೂಪು ಮೂಲೆಗಳಿಗೆಲ್ಲ ಮೆತ್ತೆ ಹೊಲಿದು ತೊಡಿಸಿದ. ಬೀರು ಕಿಟಕಿಯ ಬೆಳಕಿಗೆ ಅಡ್ಡ ಎಂದು ಅವಳು ಗೊಣಗಿದ್ದೇ ಬಂತು. ನಮಗೆ ದೀಪವಿದೆ, ನಾಯಿಗೆ ಬೀರುವೇ ಗುರುತು ಎನ್ನುತ್ತಿದ್ದ. ಹೆಂಡತಿಗಿಂತ ನಾಯಿ ಹೆಚ್ಚಾಯಿತೇ ಎಂದು ಅವಳು ಒಳಗೊಳಗೇ ಉರಿದುಕೊಂಡಿದ್ದಳು.

*

ಮಣ್ಣು ಮಾಡಿ ಬಂದ ಜನ ಸಾಮಾನೆಲ್ಲ ಒಳಗೆ ತಂದು ಗೋಡೆಯ ಬದಿಗಿಟ್ಟು ಒಬ್ಬೊಬ್ಬರಾಗಿ ಕರಗಿದರು. ತಮ್ಮ ಒಳ್ಳೆಯವನೇ. ಅಕ್ಕನ ಬಹುದಿನದ ಆಸೆಯೆಂದು ಬೀರುವನ್ನು ಕಿಟಕಿಯಿಂದ ದೂರ ಇಡಹೋದ. ಸಂಜೆಯ ಬಿಸಿಲು ಧಾರಾಳವಾಗಿ ಒಳಗೆ ಬಿತ್ತು. ಅವಳು ಎದ್ದು ಬಂದು ಬೀರುವಿಗೆ ಕೈ ಅಡ್ಡ ಇಟ್ಟಳು.

"ಅಲ್ಲಲ್ಲ ಕಣೋ. ಎಲ್ಲಿತ್ತೋ ಅಲ್ಲೇ ಇಡು."

ಬೀರುವಿನ ಜಾಗವೇನೋ ಗೊತ್ತಿತ್ತು. ಮೇಜು ಎಲ್ಲಿತ್ತೆಂದು ಇಬ್ಬರಿಗೂ ಸರಿಯಾಗಿ ಹೊಳೆಯಲಿಲ್ಲ. ದಿನವೂ ಕಂಡರೂ ಅವಳು ನೋಡಿರಲಿಲ್ಲ. ಕೊನೆಗೆ ಅಡುಗೆಮನೆಯ ಬಾಗಿಲಲ್ಲಿ ನಿಂತು ನಾಯಿಯನ್ನು ಕರೆದಳು. ಅದು ಖಾಲಿ ನೆಲದ ಮೇಲೆ ನೇರ ಬರದೆ, ಇಲ್ಲದ ಮೇಜಿನ ಅಂಚು ಹಿಡಿದು ಬಳಸಿ ಬಂತು. ಅದು ಬಿಟ್ಟು ಬಂದ ಜಾಗಕ್ಕೇ ತಮ್ಮ ಮೇಜನ್ನು ಎಳೆದಿಟ್ಟ. ಮೇಜಿನ ಪಕ್ಕಕ್ಕೆ ದರ್ಜಿಯ ಕುರ್ಚಿ ಬಂತು.

ಹೊತ್ತಾಯಿತೆಂದು ತಮ್ಮ ಸರಪಳಿ ಹಿಡಿದು ನಾಯಿಯನ್ನು ಕರೆದ. ಅದು ಮೂಸುತ್ತ ಬಂದು ಕುರ್ಚಿಯ ಮುಂದೆ ನಿಂತಿತು. ದಿನವೆಲ್ಲ ಹೊಲಿಗೆ ಯಂತ್ರ ತುಳಿದು ಊದಿದ ಕಾಲುಗಳನ್ನು ದರ್ಜಿ ಸಂಜೆ ಅಲ್ಲೇ ಚಾಚುತ್ತಿದ್ದ. ನಾಯಿ ಮುಂಗಾಲುಗಳನ್ನು ಎತ್ತರಕ್ಕೆ ಎತ್ತಿ ಆಚೆ ಇಟ್ಟಿತು. ಹಿಂಗಾಲುಗಳನ್ನೂ ಒಂದೊಂದಾಗಿ ಹುಷಾರಾಗಿ ದಾಟಿಸಿತು. ಬೆಳಗಿನಿಂದ ಬರದಿದ್ದ ಅಳು ಅವಳಿಗೆ ಆಗ ಬಂತು.

"ಡಾಕ್ಟ್ರಿಗೆ ಬೇಡ ಅಂತ ಹೇಳ್ಬಿಡಪ್ಪ," ಎಂದಳು.

ತಮ್ಮ ಸರಪಳಿಯನ್ನು ಜೇಬಿಗಿಳಿಸಿ ಬಾಗಿಲ ಕಡೆ ಹೊರಟ. ಕುರ್ಚಿಯ ಮುಂದೆ ದಾರಿ ಖಾಲಿಯೇ ಇತ್ತು. ಅವನು ಕುರ್ಚಿಯ ಹಿಂದಿನಿಂದ ಬಳಸಿ ಹೋದ.